ಗದಿಗೆಮ್ಮನ ಹುಳಿನೀರಿಗೆ ಭಾನುವಾರದ ಪಂಚಾಯ್ತಿ

ನಾಚಾರಂ ಕೈಗಾರಿಕಾ ವಸಾಹತಿನ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಚಪ್ಪರದ ಕೆಳಗೆ ಮೂರು ಕಲ್ಲಿನ ಒಲೆ ಉರಿಯುತ್ತಿದೆ, ಅದರ ಮೇಲೆ ದೊಡ್ಡ ಹಂಡೆಯಲ್ಲಿ ಅಂಟುವಾಳದ ಕಾಯಿ ಕುದಿಯುತ್ತಿದೆ. ಒಲೆಯ ಮುಂದೆ ಕೂತ ಗದಿಗೆಮ್ಮ ಪಕ್ಕದ ರಾಶಿಯಿಂದ ಒಂದೊಂದೇ ಹಳೆಯ ಎಣ್ಣೆಡಬ್ಬಿ ಎತ್ತಿ, ಮುಚ್ಚಳ ತಿರುವಿ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತಾರೆ. ಆಮೇಲೆ ತಲೆಕೆಳಗು ಮಾಡಿ ಕೊಡವುತ್ತಾರೆ. ಅಷ್ಟಕ್ಕೂ ಸಮಾಧಾನವಿಲ್ಲ. ಮುಖದಿಂದ ಮೊಳದಷ್ಟು ದೂರ ಹಿಡಿದು, ಅಂಗೈಯಿಂದ ಗಾಳಿಯನ್ನು ತಮ್ಮ ಕಡೆ ಬೀಸಿಕೊಂಡು ಮೂಸುತ್ತಾರೆ. ಸರಿ ಎನಿಸಿದರೆ ಬಲಕ್ಕೆ, ಅನುಮಾನ ಬಂದರೆ ಎಡಕ್ಕೆ.

ನಾನು ದಿಲ್‌ಸುಖ್‌ನಗರದಿಂದ ಆಟೊದವನು ಕೇಳಿದಷ್ಟು ಕೊಟ್ಟು, ಒಂದು ಗುಟುಕು ಚಹಾ ಕೂಡ ಕುಡಿಯದೆ ಬಂದಿದ್ದೇನೆ. ಯಾಕೆ ಹೀಗೆ ಮೂಸುತ್ತೀರಿ ಎಂದು ಎರಡು ಸಲ ಕೇಳಿದೆ. ಅವರು ಮುಂದಿನ ಡಬ್ಬಿ ಎತ್ತಿಕೊಂಡರು. ಮಾತೇ ಆಡದವರ ಬಗ್ಗೆ ಪತ್ರಿಕೆಯ ಪುಟ ತುಂಬಿಸುವುದು ಹೇಗಪ್ಪಾ ಎಂದು ನನಗೆ ಒಳಗೊಳಗೇ ಸಿಟ್ಟು. ಪಕ್ಕದಲ್ಲಿ ಟ್ರೈಸಿಕಲ್ ಗಾಡಿಯ ಚಕ್ರಕ್ಕೆ ಗಾಳಿ ಹಾಕುತ್ತಿದ್ದ ಅವರ ಗಂಡ ಅಮೃತಪ್ಪ ನನ್ನ ಮುಖ ನೋಡಿ ನಕ್ಕು, ಆಕೆಯ ದನಿ ಮೂರು ವಾರದಿಂದ ಕೂತಿದೆ, ಇದ್ದಷ್ಟು ದನಿಯನ್ನು ಇವತ್ತಿನ ಪಂಚಾಯ್ತಿಗೆ ಎತ್ತಿಟ್ಟುಕೊಂಡಿದ್ದಾಳೆ ಎನ್ನುತ್ತಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮನೆ ಇಷ್ಟು ತಣ್ಣಗೆ ಇದ್ದದ್ದು ಇದೇ ಮೊದಲಂತೆ. ಗದಿಗೆಮ್ಮ ಒಲೆಯಿಂದ ಕೊಳ್ಳಿ ಎಳೆದು ಅವರ ಕಡೆ ತೋರಿಸುತ್ತಾರೆ.

ಪಂಚಾಯ್ತಿ ಎಂದರೆ ನಿಜವಾಗಿಯೂ ಪಂಚಾಯ್ತಿಯೇ. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ತಾರ್ನಾಕದ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಸೇರುತ್ತಿದೆ. ಗದಿಗೆಮ್ಮ ಮಾಡಿ ಮಾರುವ, ಮನೆ ತೊಳೆಯುವ ನೀರು ಇನ್ನು ಮುಂದೆ ಗೇಟಿನೊಳಗೆ ಬರಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅವರ ನೀರು ಕೊಳ್ಳುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಕಟ್ಟಡದಲ್ಲಿವೆ. ಉಳಿದ ಕಟ್ಟಡದವರು ಆ ಕಟ್ಟಡದ ಮುಖ ನೋಡುತ್ತಿದ್ದಾರೆ. ಬೇಡ ಎಂದರೆ ಗದಿಗೆಮ್ಮ ನಾಳೆ ಸೋಮವಾರ ಮತ್ತೆ ಆಸಿಡ್ ತುಂಬುವ ಕೆಲಸಕ್ಕೆ ಹೋಗಬೇಕು. ಅಲ್ಲಿನ ಮೇಸ್ತ್ರಿ ಜಾಗ ಹಿಡಿದಿಟ್ಟಿದ್ದಾನೆ. ಎದೆಯ ಡಾಕ್ಟರು ಮಾತ್ರ ಆ ಕಡೆ ತಲೆ ಹಾಕಿಯೂ ಮಲಗಬೇಡ ಎಂದಿದ್ದಾರೆ.

ಯಾದಗಿರಿ ಕಡೆಯ ಹೆಣ್ಣು ಗದಿಗೆಮ್ಮ. ಅಮೃತಪ್ಪ ನಾಚಾರಂನ ಗೋದಾಮುಗಳಲ್ಲಿ ಹಮಾಲಿ ಮಾಡುತ್ತಿದ್ದರು, ಮದುವೆಯಾಗಿ ಈಕೆ ಅವರ ಬೆನ್ನಿಗೆ ಬಂದವರು. ಬಂದ ವರ್ಷವೇ ಇದೇ ವಸಾಹತಿನ ಒಂದು ಸಣ್ಣ ಘಟಕದಲ್ಲಿ ಕೂತರು. ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಡ್ರಮ್ಮಿನಿಂದ ಬಾಟಲಿಗೆ ಇಳಿಸುವ ಕೆಲಸ. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದಂತೆ ಇತ್ತ ತಾರ್ನಾಕದಲ್ಲೂ ಹಳೆಯ ಒಂಟಿ ಮನೆಗಳು ಒಡೆದು ಅಪಾರ್ಟ್‌ಮೆಂಟುಗಳಾದವು. ಬೆಳಗಾದರೆ ಗೇಟಿನ ಮುಂದೆ ಸಾಫ್ಟ್‌ವೇರ್ ಕಂಪನಿಗಳ ಕ್ಯಾಬು. ಹೊಸ ಮನೆಗೆ ಹೊಸ ಟೈಲ್ಸು, ಟೈಲ್ಸಿಗೆ ಬೋರ್ ನೀರಿನ ಬಿಳಿ ಕಲೆ, ಕಲೆಗೆ ಆಸಿಡ್ಡು. ಊರು ಬೆಳೆಯಿತು ಎಂದು ನಾವು ಬರೆದದ್ದೇ ಬರೆದದ್ದು. ಗದಿಗೆಮ್ಮನಿಗೆ ಮಾತ್ರ ಅದು ಗೊತ್ತಾದದ್ದು ದಿನಕ್ಕೆ ಇಷ್ಟು ಬಾಟಲಿ ಜಾಸ್ತಿ ತುಂಬು ಎಂದು ಮೇಸ್ತ್ರಿ ಬೈದಾಗ.

“ಕೈ ನೋಡೇ ಗುರ್ತು ಹಿಡೀತಿದ್ರು ಅಕ್ಕಾರ, ಇಕಿ ಆಸಿಡ್ ಕಾರ್ಖಾನ್ಯಾಕಿ ಅಂತ,” ಎಂದು ಕಡೆಗೂ ಬಾಯಿ ಬಿಡುತ್ತಾರೆ. ದನಿ ತಗಡು ಕೆರೆದ ಹಾಗಿದೆ. “ಉಣ್ಣಾಕ ಕುಂತ್ರ ರೊಟ್ಟಿ ಮುರಿಯಾಕ ಆಗ್ತಿದ್ದಿಲ್ಲ, ಬೆರಳ ಉರೀತಿದ್ವು.”

ಕೆಮ್ಮು ಹೆಚ್ಚಾಗಿ ಆ ಕೆಲಸ ಬಿಟ್ಟು, ತಾರ್ನಾಕದ ಅದೇ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ ಸೇರಿದರು. ಅಲ್ಲಿ ಸಿಕ್ಕವರು ಅಪೂರ್ವ. ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರು, ಆಗಷ್ಟೇ ಅಂಬೆಗಾಲಿಡುತ್ತಿದ್ದ ಮಗು. ಮಗುವಿಗೆ ಉಬ್ಬಸ. ಫಿನೈಲ್ ಹಾಕಿ ನೆಲ ಒರೆಸಿದ ದಿನ ರಾತ್ರಿಯಿಡೀ ಗೊರಗೊರ. ಹೊಸ ಸೂಪರ್ ಮಾರ್ಕೆಟ್ಟಿನಲ್ಲಿ ಎಲೆಯ ಚಿತ್ರ ಅಂಟಿಸಿದ ಪರದೇಶದ ಬಾಟಲಿ ಇತ್ತು. ಅದರ ಬೆಲೆ ನೋಡಿ, ಸಂಬಳದ ಅರ್ಧ ಮನೆಸಾಲದ ಕಂತಿಗೇ ಹೋಗುವ ಅಪೂರ್ವ ವಾಪಸು ಇಟ್ಟು ಬಂದರು. ಅವರ ಸಂಕಟ ಕೇಳಿದ ಗದಿಗೆಮ್ಮ, ನಮ್ಮವ್ವ ಇಳಕಲ್ ಸೀರೆಯನ್ನೂ ಅಂಟುವಾಳದಲ್ಲೇ ಒಗೆಯುತ್ತಿದ್ದಳು, ನೆಲಕ್ಕೇನು ಬಂತು ದಾಡಿ ಎಂದರು. ತೆಲುಗಿನವರು ಕುಂಕುಡುಕಾಯಿ ಎಂದು ತಲೆಗೆ ಹಾಕಿಕೊಳ್ಳುವುದೂ ಇದನ್ನೇ. ಬೇಗಂಬಜಾರಿನಲ್ಲಿ ಗೋಣಿಗಟ್ಟಲೆ ಸಿಗುತ್ತದೆ.

ಶುರುವಿನಲ್ಲಿ ಎಲ್ಲ ಎಡವಟ್ಟೇ. ಕುದಿಸಿ ಸೋಸಿದ ಕಾಯಿನೀರು ಮೂರನೆಯ ದಿನಕ್ಕೆ ಹಳಸಿ ಗಬ್ಬು ನಾರಿತು. ಒಂದು ಮನೆಯವರು ಡಬ್ಬಿಯನ್ನು ಮೆಟ್ಟಿಲ ಮೇಲಿಂದ ಎಸೆದರಂತೆ. ನಿಂಬೆ ಹಿಂಡಿದರೆ ತಾಳುತ್ತದೆ ಎಂದು ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಜ್ಯೂಸ್ ಬಂಡಿಯವರು ಬಿಸಾಡುವ ಮೋಸಂಬಿ, ನಿಂಬೆಯ ಸಿಪ್ಪೆ ತಂದು, ಬೆಲ್ಲದ ನೀರಿನಲ್ಲಿ ಮೂರು ತಿಂಗಳು ಕೊಳೆಹಾಕಿ ಇನ್ನೊಂದು ನೀರು ಮಾಡಿದರು. ಅದು ಹುಳಿನೀರು. ಪಾತ್ರೆ, ಬಟ್ಟೆ, ನೆಲಕ್ಕೆ ಕಾಯಿನೀರು. ನಲ್ಲಿ, ಟೈಲ್ಸು, ಪಾಯಿಖಾನೆಯ ಬಿಳಿ ಕಲೆಗೆ ಹುಳಿನೀರು. ಅಂಗಡಿ ಬಾಟಲಿಯ ಅರ್ಧ ಖರ್ಚಿನಲ್ಲಿ ಮನೆಯ ತಿಂಗಳು ಕಳೆಯುತ್ತದೆ. ಆದರೆ ತಕ್ಷಣ ಬೆಳ್ಳಗಾಗುವುದಿಲ್ಲ, ಹಾಕಿ ಅರ್ಧ ಗಂಟೆ ಬಿಟ್ಟು ತಿಕ್ಕಬೇಕು. ಹಠಮಾರಿ ಕಲೆ ಕೆಲವು ಹೋಗುವುದೂ ಇಲ್ಲ, ಗದಿಗೆಮ್ಮನೇ ಒಪ್ಪುತ್ತಾರೆ. ನೊರೆ ಬಂದರೆ ಸ್ವಚ್ಛ, ಮೂಗು ಸುಟ್ಟರೆ ಇನ್ನೂ ಸ್ವಚ್ಛ ಎಂದು ನಂಬಿದ ಜನ ನಾವು. ನಮ್ಮ ಕೈಗೆ ಸಿಪ್ಪೆಯ ನೀರು ಕೊಟ್ಟು ಅರ್ಧ ಗಂಟೆ ಸುಮ್ಮನಿರಿ ಎಂದು ಹೇಳುವುದಿದೆಯಲ್ಲ, ಅದಕ್ಕೂ ಎಂಟೆದೆ ಬೇಕು.

ಡಬ್ಬಿಗಳೆಲ್ಲ ಗದಿಗೆಮ್ಮನವೇ, ಮೆಸ್ಸುಗಳಿಂದ ಕೊಂಡ ಅಗಲ ಬಾಯಿಯ ಎಣ್ಣೆಡಬ್ಬಿಗಳು. ನೀರು ಮುಗಿದ ಮನೆಯವರು ಡಬ್ಬಿಯನ್ನು ವಾಚ್‌ಮನ್ ಮಲ್ಲಣ್ಣನ ಕೈಗೆ ಕೊಡುತ್ತಾರೆ. ಅವನು ಗೇಟಿನ ಹತ್ತಿರ ಸಾಲಾಗಿ ಇಡುತ್ತಾನೆ. ಭಾನುವಾರ ಅಮೃತಪ್ಪನ ಗಾಡಿಯಲ್ಲಿ ದೊಡ್ಡ ಡ್ರಮ್ಮು ಬರುತ್ತದೆ, ಹಾಲಿನವರ ಹಾಗೆ ಅಲ್ಲೇ ಅಳೆದು ತುಂಬಿಸುತ್ತಾರೆ. ಇದರಲ್ಲಿ ಒಂದು ವಿಶೇಷವಿದೆ. ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು ಎಂಬುದು ನಮ್ಮ ಹೆಂಗಸರ ರಕ್ತದಲ್ಲೇ ಇರುವ ಮಾತು. ಪಾಯಸದ ಬಟ್ಟಲಿಗೆ ಸರಿ, ನೆಲ ತೊಳೆಯುವ ನೀರಿನ ಡಬ್ಬಿಗೂ! ಒಬ್ಬರು ನಿಂಬೆ ಸಿಪ್ಪೆ ಹಾಕಿ ಕೊಟ್ಟರೆ ಇನ್ನೊಬ್ಬರು ಬೆಲ್ಲದ ಚೂರು, ಮತ್ತೊಬ್ಬರು ಒಂದು ಚಮಚ ಅಡುಗೆ ಸೋಡಾ. ಗದಿಗೆಮ್ಮನಿಗೂ ಅದು ಖುಷಿಯೇ, ಸಿಪ್ಪೆ ಬೆಲ್ಲ ಹೇಗೂ ಬೇಕಲ್ಲ. ಸಿಪ್ಪೆ ಇದ್ದರೆ ಚೀಲಕ್ಕೆ ಸುರಿದುಕೊಳ್ಳುತ್ತಿದ್ದರು. ಸೋಡಾ ಇದ್ದರೆ ಅದರ ಮೇಲೆಯೇ ಹುಳಿನೀರು ಹೊಯ್ಯುತ್ತಿದ್ದರು, ಬುಸ್ ಎಂದು ಉಕ್ಕಿ ತಣ್ಣಗಾಗುತ್ತಿತ್ತು.

ಮೂರು ವಾರದ ಹಿಂದಿನ ಭಾನುವಾರ ಒಂದು ಡಬ್ಬಿಯ ತಳದಲ್ಲಿ ಬಿಳಿ ಪುಡಿ ಇತ್ತು. ಮಲ್ಲಣ್ಣ ಡಬ್ಬಿ ಹಿಡಿದಿದ್ದ. ಅಪೂರ್ವ ಮಗುವನ್ನು ಎತ್ತಿಕೊಂಡು ಸರದಿಯಲ್ಲಿ ನಿಂತಿದ್ದರು. ಗದಿಗೆಮ್ಮ ಹುಳಿನೀರು ಹೊಯ್ದರು.

“ಸೋಡಾ ಅಂತ ತಿಳ್ಕೊಂಡೆ ಅಕ್ಕಾರ. ಬುಸ್ ಅಂದಾಗ ಇನ್ನಷ್ಟು ಬಗ್ಗಿದೆ.”

ಅದು ಸೋಡಾ ಆಗಿರಲಿಲ್ಲ. ಬ್ಲೀಚಿಂಗ್ ಪೌಡರು. ಅದಕ್ಕೆ ಹುಳಿ ತಗುಲಿದರೆ ವಿಷದ ಗಾಳಿ ಏಳುತ್ತದೆ. ಮಲ್ಲಣ್ಣ ಕೆಮ್ಮುತ್ತ ಅಲ್ಲೇ ಕುಸಿದ, ಎರಡು ದಿನ ಆಸ್ಪತ್ರೆಯಲ್ಲಿದ್ದ. ಅಪೂರ್ವ ಮಗುವಿನ ಮುಖಕ್ಕೆ ಸೆರಗು ಒತ್ತಿಕೊಂಡು ಓಡಿದರು. ಗದಿಗೆಮ್ಮ ಉಸಿರು ಕಟ್ಟಿಕೊಂಡೇ ಡಬ್ಬಿಯನ್ನು ಗೇಟಿನಾಚೆಯ ಬಯಲಿಗೆ ಎಸೆದು ಬಂದರು. ಅವರ ದನಿ ಹೋದದ್ದು ಆಗಲೇ. ಆಸ್ಪತ್ರೆಯವರು ಇದು ಬ್ಲೀಚಿಂಗ್ ಪೌಡರಿನ ಕೆಲಸ ಎಂದರು. ಅಷ್ಟು ಸಾಕಾಯಿತು. ಕಾಯಿನೀರು, ಸಿಪ್ಪೆನೀರು ಎಂದು ಬಾಯಲ್ಲಿ ಹೇಳಿ ಒಳಗೊಳಗೆ ಬ್ಲೀಚಿಂಗ್ ಬೆರೆಸಿ ಮಾರುತ್ತಾಳೆ ಎಂದು ಸಂಜೆಯೊಳಗೆ ಕಟ್ಟಡವೆಲ್ಲ ಸುದ್ದಿ. ಅಂದಿನಿಂದ ಗದಿಗೆಮ್ಮನಿಗೆ ಗೇಟು ಬಂದ್.

ಏಳು ಗಂಟೆಗೆ ಗಾಡಿ ಹೊರಡುತ್ತದೆ. ತುಂಬಿದ ಡ್ರಮ್ಮಿಗೆ ಒರಗಿ ನಾವಿಬ್ಬರೂ ಹಿಂದೆ ಕೂತಿದ್ದೇವೆ, ಅಮೃತಪ್ಪ ತುಳಿಯುತ್ತಿದ್ದಾರೆ. ತೀರ್ಮಾನಕ್ಕೆ ಮೊದಲೇ ಡ್ರಮ್ಮು ತುಂಬಿಕೊಂಡು ಹೊರಟ ಈ ಹೆಂಗಸಿನ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ಹಬ್ಸಿಗುಡ ದಾಟುವಾಗ ನಾನು ಕೇಳಬೇಕಾದದ್ದನ್ನು ಕೇಳಿಯೇಬಿಡುತ್ತೇನೆ. ಆ ಡಬ್ಬಿ ಯಾರ ಮನೆಯದು? ಗದಿಗೆಮ್ಮನಿಗೆ ಗೊತ್ತು. ಮಲ್ಲಣ್ಣನಿಗೂ ಗೊತ್ತು, ತಂದಿಟ್ಟವನು ಅವನೇ. ಸಂಘದವರು ಕೇಳಿದಾಗ ಅವನು ನೆನಪಿಲ್ಲ ಎಂದು ಕೈ ಚೆಲ್ಲಿದ್ದಾನೆ. ಹಾಗೆ ಹೇಳಲು ಆಸ್ಪತ್ರೆಗೆ ಹೋಗಿ ಕೇಳಿಕೊಂಡವರು ಗದಿಗೆಮ್ಮನೇ.

ನನಗೆ ತಲೆ ಕೆಟ್ಟುಹೋಗುತ್ತದೆ. ಹೆಸರು ಹೇಳಿದರೆ ಈ ಕ್ಷಣ ಕಳಂಕ ತೊಳೆದುಹೋಗುತ್ತದೆ, ಹೊಟ್ಟೆಪಾಡು ಉಳಿಯುತ್ತದೆ, ಎದೆ ಉಳಿಯುತ್ತದೆ. ಮಾಡಿದವರು ಮನೆಯಲ್ಲಿ ಬೆಚ್ಚಗೆ ಕೂತಿರಲಿ, ನೀವು ಆಸಿಡ್ ಕುಡಿಯಲು ಹೊರಡಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಅನ್ನುತ್ತೇನೆ. ಅಮೃತಪ್ಪ ತುಳಿಯುವುದನ್ನು ನಿಲ್ಲಿಸದೆ, ಇದನ್ನೇ ನಾನು ದಿನವೂ ಹೇಳಿ ಸಾಕಾಗಿದೆ ಎನ್ನುತ್ತಾರೆ.

“ಹೆಸರ ಹೇಳಿದ್ರ ನನ್ನ ನೀರು ಉಳೀತೈತಿ. ಆಕಿಗಿ ಬಾಡಿಗಿ ಮನಿ ಉಳೀತೈತೇನು?” ಗದಿಗೆಮ್ಮ ಉಸಿರು ಎಳೆದುಕೊಳ್ಳಲು ನಿಲ್ಲುತ್ತಾರೆ. “ಮಂದಿಗಿ ತ್ರಾಸ ಆಗ್ಲಿ ಅಂತ ಹಾಕಿಲ್ರಿ ಆಕಿ. ಬರೇ ಡಬ್ಬಿ ಕೊಡಬಾರದಂತ ಹಾಕ್ಯಾಳ.”

ಸಂಘದ ಕಾರ್ಯದರ್ಶಿ ನರಹರಿ ಆಗಲೇ ಸಾರಿದ್ದರು, ಬೇರೆ ಯಾರದಾದರೂ ತಪ್ಪು ಎಂದು ಗೊತ್ತಾದರೆ, ಅವರು ಬಾಡಿಗೆದಾರರಾಗಿದ್ದರೆ, ಮಾಲೀಕರಿಗೆ ಹೇಳಿ ಖಾಲಿ ಮಾಡಿಸುತ್ತೇನೆ ಎಂದು. ಇನ್ನು ಬಾಯಿ ಬಿಡುವವರು ಯಾರು? ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಕುರ್ಚಿ ಹಾಕಿದ್ದಾರೆ. ಗಂಡಸರು ಕೂತಿದ್ದಾರೆ, ಹೆಂಗಸರು ಮೆಟ್ಟಿಲ ಮೇಲೆ. ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಬೇಕು ಎಂದಾಯಿತು. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ನರಹರಿ ಕನ್ನಡ, ತೆಲುಗು, ಹಿಂದಿ ಮೂರನ್ನೂ ಬೆರೆಸಿ, ಈ ಕಟ್ಟಡದಲ್ಲಿ ಮಕ್ಕಳಿದ್ದಾರೆ, ಮುದುಕರಿದ್ದಾರೆ, ಯಾರದಾದರೂ ಜೀವ ಹೋಗಿದ್ದರೆ ಉತ್ತರ ಹೇಳುವವರು ಯಾರು ಎಂದು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನೀರಿಗೆ ಬ್ಲೀಚಿಂಗ್ ಬೆರೆಸುತ್ತೀಯಾ ಇಲ್ಲವಾ, ಒಂದೇ ಮಾತಿನಲ್ಲಿ ಹೇಳು ಎನ್ನುತ್ತಾರೆ.

ಬೆರೆಸುವುದಿಲ್ಲ, ಪುಡಿ ಡಬ್ಬಿಯ ತಳದಲ್ಲಿತ್ತು ಎಂದು ಗದಿಗೆಮ್ಮ ಹೇಳುತ್ತಾರೆ. ದನಿ ಹಿಂದಿನ ಕುರ್ಚಿಗೆ ಮುಟ್ಟುವುದಿಲ್ಲ, ಮುಂದಿನವರು ತಿರುಗಿ ಹೇಳಬೇಕಾಗುತ್ತದೆ. ಹಾಗಾದರೆ ಅದು ಯಾರ ಮನೆಯ ಡಬ್ಬಿ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಮೆಟ್ಟಿಲ ಮೇಲಿನ ಹೆಂಗಸರೆಲ್ಲ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಡಬ್ಬಿಗೆ ಏನಾದರೊಂದು ಹಾಕಿ ಕೊಡದವರು ಅಲ್ಲಿ ಯಾರೂ ಇಲ್ಲ. ಗೇಟಿನ ಕಂಬಕ್ಕೆ ಒರಗಿದ ಮಲ್ಲಣ್ಣ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಾನೆ.

“ಡಬ್ಬಿ ನನ್ನವು ಸಾಹೇಬ್ರ. ಎಲ್ಲಾ ಡಬ್ಬಿ ನನ್ನವ,” ಎನ್ನುತ್ತಾರೆ ಗದಿಗೆಮ್ಮ. “ತುಂಬೂಕಿಂತ ಮದ್ಲ ನೋಡಬೇಕಾದಾಕಿ ನಾ. ನೋಡ್ಲಿಲ್ಲ.”

ಹೆಸರಿಲ್ಲದೆ ಈ ಕತೆಯನ್ನು ನಂಬುವುದು ಹೇಗೆ ಎಂದು ನರಹರಿ ಕುರ್ಚಿಯಿಂದ ಏಳುತ್ತಾರೆ. ಅಪೂರ್ವ ಕೂಡ, ನನ್ನ ಮಗುವಿನ ಎದೆಯ ವಿಷಯ, ನನಗೆ ಗೊತ್ತಾಗಲೇಬೇಕು ಎನ್ನುತ್ತಾರೆ. ಈ ನೀರನ್ನು ಮೊದಲು ಕೊಂಡವರು, ಹತ್ತು ಮನೆಗೆ ಹೇಳಿ ಹಬ್ಬಿಸಿದವರು ಅವರೇ. ಹೇಳುವಾಗ ಗದಿಗೆಮ್ಮನ ಮುಖ ನೋಡುವುದಿಲ್ಲ. ನೀರು ಬೇಡ ಎನ್ನುವವರು ಕೈ ಎತ್ತಿ ಎಂದು ನರಹರಿ ಕೇಳಿಯೇಬಿಡುತ್ತಾರೆ. ಒಂದು, ಎರಡು, ಆಮೇಲೆ ಸಾಲುಸಾಲಾಗಿ ಕೈಗಳು ಮೇಲೇಳುತ್ತವೆ. ಗೇಟಿನಾಚೆ ಅಮೃತಪ್ಪ ಗಾಡಿಯ ಹ್ಯಾಂಡಲ್ ಹಿಡಿದು ತಿರುಗಿಸಲು ಶುರುಮಾಡುತ್ತಾರೆ. ಬರೆಯಲು ಬಂದವಳು ನಡುವೆ ಬಾಯಿ ಹಾಕಬಾರದು ಎಂಬ ನಿಯಮವನ್ನು ಯಾರು ಮಾಡಿದರೋ.

ಆಗ ಮೆಟ್ಟಿಲ ಮೇಲಿನ ಗುಂಪಿನಿಂದ ಒಬ್ಬರು ಇಳಿದು ಬರುತ್ತಾರೆ. ಹೆಸರು ಶಿವದೇವಿ, ಭಾಲ್ಕಿ ಕಡೆಯವರು, ಮೂರನೆಯ ಮಹಡಿಯ ಬಾಡಿಗೆದಾರರು. ಗಂಡ ಖಾಸಗಿ ಕಂಪನಿಯಲ್ಲಿ ಗುಮಾಸ್ತ. ಅವರೂ ಅಲ್ಲೇ ಕುರ್ಚಿಯಲ್ಲಿದ್ದಾರೆ, ಹೆಂಡತಿಯನ್ನು ನೋಡಿ ಎತ್ತಿದ್ದ ಕೈಯನ್ನು ಅರ್ಧಕ್ಕೇ ಇಳಿಸುತ್ತಾರೆ.

“ಅದು ನಮ್ಮನಿ ಡಬ್ಬಿ. ಪುಡಿ ಹಾಕಿದಾಕಿ ನಾನ,” ಎನ್ನುತ್ತಾರೆ ಶಿವದೇವಿ. “ಆವತ್ತ ಮನ್ಯಾಗ ಲಿಂಬಿಕಾಯಿ ಇದ್ದಿಲ್ಲ. ಬೆಲ್ಲಾನೂ ತೀರಿತ್ತು. ಬರೇ ಡಬ್ಬಿ ಹೆಂಗ ಕೊಡೂದು? ಹುಳಿನೀರು ತೊಗೊಳ್ಳಾಕತ್ತಿದ ಮ್ಯಾಲೆ ಆ ಪೌಡರ್ ಸುಮ್ನ ಬಿದ್ದಿತ್ತು. ಅದೂ ತೊಳಿಯೂದ ಅಲ್ಲಾ, ಆಕಿಗಿ ಉಪಯೋಗ ಆಗ್ತೈತಿ ಅಂತ ಹಾಕಿದೆ.”

ಮೂರು ವಾರ ಯಾಕೆ ಸುಮ್ಮನಿದ್ದೆ ಎಂದು ನರಹರಿ ಕೇಳುತ್ತಾರೆ. ಮನೆ ಬಿಡಿಸುತ್ತೀರಿ ಎಂಬ ಹೆದರಿಕೆ ಎಂದು ಶಿವದೇವಿ ನೇರವಾಗಿ ಹೇಳುತ್ತಾರೆ. ಈಗಲೂ ಹೆದರಿಕೆ ಇದೆ, ಆದರೆ ಆಕೆ ನನ್ನ ಹೆಸರನ್ನು ಬಾಯಿಗೆ ತರದೆ ಹೊರಟು ನಿಂತಳಲ್ಲ, ಅದನ್ನು ನೋಡಲಾಗಲಿಲ್ಲ ಎನ್ನುತ್ತಾರೆ. ಮೆಟ್ಟಿಲ ಮೇಲಿನ ಒಬ್ಬ ತೆಲುಗು ಅಜ್ಜಿ, ನಮ್ಮಲ್ಲೂ ಖಾಲಿ ಕೊಡುವುದಿಲ್ಲ, ನಾನು ಪ್ರತಿಸಲ ಚಿಟಿಕೆ ಅರಿಶಿನ ಹಾಕುತ್ತೇನೆ, ನನ್ನನ್ನೂ ಮನೆ ಬಿಡಿಸು ಎಂದು ನರಹರಿಯನ್ನು ಗದರುತ್ತಾರೆ. ಮಲ್ಲಣ್ಣ ಆಗ ತಲೆ ಎತ್ತಿ, ಆಸ್ಪತ್ರೆಯಲ್ಲಿ ಎರಡು ದಿನ ಫ್ಯಾನಿನ ಕೆಳಗೆ ಮಲಗಿದ್ದಷ್ಟೇ, ತನಗೆ ಯಾರ ಮೇಲೂ ದೂರಿಲ್ಲ ಎನ್ನುತ್ತಾನೆ.

ಹಾಗಂತ ಎಲ್ಲ ಸುಖಾಂತವಾಗಲಿಲ್ಲ. ನರಹರಿ ಸುಲಭಕ್ಕೆ ಕರಗುವ ಆಸಾಮಿಯಲ್ಲ. ಮನೆ ಬಿಡಿಸುವ ಮಾತನ್ನು ಎತ್ತುವುದಿಲ್ಲ ಎಂದು ಗೊಣಗುತ್ತ ಒಪ್ಪಿದರೂ, ನೀರಿಗೆ ಒಂದು ತಿಂಗಳ ಅವಕಾಶ ಮಾತ್ರ ಎಂದರು. ತುಂಬುವುದು ಗೇಟಿನ ಹೊರಗೆ, ಬಯಲಿನಲ್ಲಿ. ಡಬ್ಬಿಯನ್ನು ವಾಚ್‌ಮನ್ ಮುಟ್ಟಕೂಡದು, ಮನೆಯವರೇ ತೊಳೆದು ಒಣಗಿಸಿ ತರಬೇಕು. ಮುಖ್ಯವಾಗಿ ಡಬ್ಬಿಯೊಳಗೆ ಏನೂ ಇರಕೂಡದು. ಯಾರದಾದರೂ ಡಬ್ಬಿಯಲ್ಲಿ ಒಂದು ಹರಳು ಸಕ್ಕರೆ ಕಂಡರೂ ಅಂದಿಗೇ ನೀರು ಬಂದ್. ಅಪೂರ್ವ ಇವತ್ತು ನೀರು ಕೊಳ್ಳುವುದಿಲ್ಲ. ಗದಿಗೆಮ್ಮನ ಹತ್ತಿರ ಬಂದು ಕೈ ಹಿಡಿದುಕೊಂಡು, “ಅನುಮಾನ ಹೋಯ್ತು. ಭಯ ಇನ್ನೂ ಹೋಗಿಲ್ಲ, ಸ್ವಲ್ಪ ದಿನ ಕೊಡಿ” ಎಂದಷ್ಟೇ ಹೇಳಿ ಮೇಲೆ ಹೋಗುತ್ತಾರೆ. ಗದಿಗೆಮ್ಮನ ಕಣ್ಣು ತುಂಬಿದ್ದು ಆಗ ಮಾತ್ರ.

ಗಾಡಿ ಬಯಲಿಗೆ ತಿರುಗುತ್ತದೆ. ಗದಿಗೆಮ್ಮನಿಗೆ ಈಗ ಹೊಸ ಸಂಕಟ. ಮನೆಮನೆಗೆ ಹೋಗಿ, ಏನೂ ಹಾಕಬೇಡಿ, ಬರಿದೇ ಕೊಡಿ ಎಂದು ಹೇಳಬೇಕು. ಮುತ್ತೈದೆಯರಿಗೆ ಬರಿದು ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಗಂಡನನ್ನು ಕೇಳುತ್ತಾರೆ. ಅದಕ್ಕೆ ಅಮೃತಪ್ಪ, ಹೇಗೂ ದನಿ ಇಲ್ಲ, ಡಬ್ಬಿ ಬೋರಲು ಹಾಕಿ ತೋರಿಸು ಎನ್ನುತ್ತಾರೆ.

ಮೊದಲು ಬಂದವರು ಶಿವದೇವಿ. ತೊಳೆದು ಒರೆಸಿದ ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ತಂದಿದ್ದಾರೆ. ಕೊಡಲು ಕೈ ಮುಂದೆ ಬರುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಹುಟ್ಟಿದಾಗಿನಿಂದ ಮಾಡದ ಕೆಲಸ. ಬರೇ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡ ಎಂದು ಮೆಲ್ಲಗೆ ಹೇಳುತ್ತಾರೆ. ಗದಿಗೆಮ್ಮ ಎರಡೂ ಕೈಯಿಂದ ಡಬ್ಬಿ ಇಸಿದುಕೊಳ್ಳುತ್ತಾರೆ.

ನೀರು ತುಂಬಿಸಿಕೊಂಡು ಅವರು ಹೋದ ಮೇಲೆ, ಮುಂದಕ್ಕೆ ಏನು ಆಸೆ ಎಂದು ನಾನು ಕೇಳುತ್ತೇನೆ. ಇಂಥ ಲೇಖನಕ್ಕೆ ಕೇಳಲೇಬೇಕಾದ ಪ್ರಶ್ನೆ. ದೊಡ್ಡ ಜಾಗ, ಹೊಸ ಡ್ರಮ್ಮು, ಇನ್ನಷ್ಟು ಕಟ್ಟಡ ಎಂದೇನಾದರೂ ಹೇಳುತ್ತಾರೆಂದು ಕಾಯುತ್ತೇನೆ. ಗದಿಗೆಮ್ಮ ಕೆಮ್ಮಿ, ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಬ್ಯಾರೆ ಏನೂ ಬ್ಯಾಡ್ರಿ ಅಕ್ಕಾರ. ಡಬ್ಬಿ ಬರೇ ಬರ್ಲಿ. ತುಂಬಿ ಕೊಡೂದು ನಂದೈತಿ.”